ಕುದುರೆ ರೇಟು ಬಿಡಿ, ಮೇವಿನ ರೇಟು ಕೇಳಿ

ಮದುವೆ ಮೆರವಣಿಗೆಗೆ ಬಾಡಿಗೆ ಬಿಡೋಕೆ ಒಂದು ಕುದುರೆ ತರಬೇಕು ಅಂತ ಲೆಕ್ಕ ಹಾಕ್ತಿರೋ ಹುಡುಗರು ಕಂಪ್ಲಿ, ಹೊಸಪೇಟೆ ಕಡೆ ಇದ್ದಾರೆ. ಅವರು ಮೊದಲು ಕೇಳೋದು ಕುದುರೆ ರೇಟು. ಸಾಲ ತೆಗೆಯೋಕೆ ಮುಂಚೆ ಮೇವಿನ ರೇಟು ಕೇಳ್ಬೇಕು ಅನ್ನೋದು ನನ್ನ ವಾದ. ಕುದುರೆ ದುಡ್ಡು ಒಂದೇ ಸಲ ಹೋಗುತ್ತೆ, ಅದರ ಹೊಟ್ಟೆ ದುಡ್ಡು ದಿನಾ ಹೋಗುತ್ತೆ.

"ನಮ್ಮೂರಾಗ ಹುಲ್ಲಿಗೇನು ಬರ?" ಅಂತೀರಿ. ತುಂಗಭದ್ರಾ ನೀರು, ಎತ್ತ ನೋಡಿದ್ರೂ ಗದ್ದೆ, ಕೊಯ್ಲಾದ ಮೇಲೆ ರಾಶಿ ರಾಶಿ ಭತ್ತದ ಹುಲ್ಲು. ಮೋಸ ಹೋಗೋದು ಇಲ್ಲೇ. ಎತ್ತು, ಎಮ್ಮೆ ಮೆಲುಕು ಹಾಕ್ತಾವೆ, ಒರಟು ಹುಲ್ಲನ್ನೂ ಅರಗಿಸಿಕೊಳ್ತಾವೆ. ಕುದುರೆ ಮೆಲುಕು ಹಾಕೋದಿಲ್ಲ. ಬರೀ ಭತ್ತದ ಹುಲ್ಲಿನ ಮೇಲೆ ಬಿಟ್ಟರೆ ಮೈ ಇಳಿಯುತ್ತೆ, ಹುಲ್ಲು ಕರುಳಲ್ಲಿ ಗಟ್ಟಿಯಾಗಿ ಹೊಟ್ಟೆಶೂಲೆ ಬರೋ ಭಯ ಬೇರೆ. ಕುದುರೆಗೆ ವಾಂತಿ ಮಾಡಿಕೊಳ್ಳೋಕೂ ಆಗಲ್ಲ. ಶೂಲೆ ಹಿಡಿದ ರಾತ್ರಿ ಬೆಳಗಾಗಲಿ ಅಂತ ಕಾಯೋ ಹಾಗಿಲ್ಲ.

ಹಾಗಾದ್ರೆ ಏನು ಹಾಕ್ಬೇಕು? ಗರಿಕೆ ಹುಲ್ಲು, ಕುದುರೆ ಮಸಾಲೆ ಸೊಪ್ಪು, ಮೇಲೆ ಅಳತೆ ನೋಡಿ ಬೇಯಿಸಿದ ಹುರುಳಿ, ಗೋಧಿ ಬೂಸಾ, ಉಪ್ಪು. 300 ಕಿಲೋ ತೂಗೋ ಕುದುರೆಗೆ ಒಣ ಲೆಕ್ಕದಲ್ಲಿ ದಿನಕ್ಕೆ ಸುಮಾರು 6 ಕಿಲೋ ಆಹಾರ ಬೇಕು, ಅದರಲ್ಲಿ ಬಹುಪಾಲು ಹುಲ್ಲೇ ಇರ್ಬೇಕು. ಹಸಿ ಹುಲ್ಲಲ್ಲಿ ನೀರೇ ಜಾಸ್ತಿ. ಹಾಗಾಗಿ ದಿನಕ್ಕೆ 20 ಕಿಲೋ ಹಸಿ ಗರಿಕೆ, ಒಂದೂವರೆ ಕಿಲೋ ಕಾಳು-ಬೂಸಾ ಅಂತ ಇಟ್ಕೊಳ್ಳಿ. ಗರಿಕೆ ಕಿಲೋಗೆ 6 ರೂಪಾಯಿ, ಕಾಳು-ಬೂಸಾ ಕಿಲೋಗೆ 60 ಹಿಡಿದ್ರೆ 210, ಉಪ್ಪು ಗಿಪ್ಪು ಸೇರಿ 220. ನಿಮ್ಮೂರ ದರ ಬೇರೆ ಇದ್ರೆ ಅದನ್ನೇ ಹಾಕ್ಕೊಳ್ಳಿ. ನನ್ನ ಲೆಕ್ಕದಲ್ಲಿ ತಿಂಗಳಿಗೆ 6,600, ವರ್ಷಕ್ಕೆ 80,300 ರೂಪಾಯಿ. ಆರೆಂಟು ವಾರಕ್ಕೊಮ್ಮೆ ಗೊರಸು ಕತ್ತರಿಸಿ ಲಾಳ ಹೊಡೆಸೋದು, ಧನುರ್ವಾಯು ಲಸಿಕೆ, ಜಂತುಹುಳದ ಔಷಧಿ ಇದರಲ್ಲಿ ಸೇರಿಲ್ಲ.

ಮನೇಲಿ ಜಾಗ ಇಲ್ಲದವರು ಬೇರೆಯವರ ಹೊಲದ ಶೆಡ್ಡಿನಲ್ಲಿ ಕಟ್ಟಿ ತಿಂಗಳಿಗಿಷ್ಟು ಅಂತ ಕೊಡೋ ಯೋಚನೆ ಮಾಡ್ತಾರೆ. ಬೆಂಗಳೂರಿನ ಕುದುರೆ ಸವಾರಿ ಶಾಲೆಗಳಲ್ಲಿ ಇದಕ್ಕೆ ಲಿವರಿ ಅಂತಾರೆ. ತಪ್ಪೇನಿಲ್ಲ. ಆದ್ರೆ "ತಿಂಗಳಿಗೆ 4,000 ಕೊಡು, ಮೇವು, ನೀರು, ಕಾವಲು ಎಲ್ಲಾ ನಂದೇ" ಅಂದ್ರೆ ಖುಷಿ ಪಡ್ಬೇಡಿ. ಮೇವಿಗೇ 6,600 ಬೇಕಾದಾಗ ಉಳಿದ 2,600 ಎಲ್ಲಿಂದ ಬರುತ್ತೆ? ಅವರದೇ ಗರಿಕೆ ಮಡಿ ಇದ್ರೆ ಸರಿ. ಇಲ್ಲಾಂದ್ರೆ ಅದು ಬರೋದು ಕುದುರೆ ಪಕ್ಕೆಲುಬಿನಿಂದ. ಬಾಡಿಗೆ ಮಾತಾಡುವಾಗ ಮೂರು ವಿಷಯ ಬಾಯಿ ಬಿಟ್ಟು ಕೇಳಿ: ಯಾವ ಹುಲ್ಲು, ಎಷ್ಟು ಕಿಲೋ, ರಾತ್ರಿ ನೋಡ್ಕೊಳ್ಳೋರು ಯಾರು. ನನ್ನ ಕೇಳಿದ್ರೆ, ನಾಲ್ಕು ಗುಂಟೆಯಾದ್ರೂ ಗರಿಕೆ, ಕುದುರೆ ಮಸಾಲೆ ಬೆಳೆಯೋಕೆ ಜಾಗ ಇದ್ದವರಿಗೆ ಮನೆಯೇ ಅಗ್ಗ. ಇಲ್ಲದವರು ಮೂರು ನಾಲ್ಕು ಜನ ಕೂಡಿ ಒಂದು ಶೆಡ್ಡು ಮಾಡಿ, ಒಬ್ಬ ಆಳಿಗೆ ಸಂಬಳ ಹಂಚಿಕೊಂಡು ಕೊಡೋದು ವಾಸಿ. ಹಂಪಿ ಮಹಾನವಮಿ ದಿಬ್ಬದ ಕೆತ್ತನೆಯಲ್ಲೂ ಕುದುರೆ ಜೊತೆ ಅದನ್ನ ಹಿಡಿದ ಆಳುಗಳು ಇದ್ದಾರೆ, ನೋಡಿ.

ಆಮೇಲೆ ದುಡಿಮೆ. ಆಷಾಢದಲ್ಲಿ ಮದುವೆ ಇಲ್ಲ ಅಂತ ಕುದುರೆ ಉಪವಾಸ ಇರೋದಿಲ್ಲ. ವರ್ಷಕ್ಕೆ 25 ಮೆರವಣಿಗೆ ಸಿಕ್ಕರೂ ಒಂದೊಂದರಲ್ಲೂ 3,200 ರೂಪಾಯಿ ಬರೀ ಮೇವಿಗೇ ಹೋಯ್ತು. ಸಾಲದ ಕಂತು, ನಿಮ್ಮ ಕೂಲಿ ಇನ್ನೂ ಬಾಕಿ. ಮದುಮಗನ ಕಡೆಯವರೂ ಇದನ್ನ ತಿಳ್ಕೊಬೇಕು. ಡಿಜೆಗೆ ಮಾತಾಡದೆ ದುಡ್ಡು ಎಣಿಸಿ, ಕುದುರೆಯವನ ಹತ್ರ ಐನೂರಕ್ಕೆ ಚೌಕಾಸಿ ಮಾಡ್ತೀರಲ್ಲ, ಅದು ಅದರ ಎರಡು ದಿನದ ಊಟ.

ಲೆಕ್ಕ ತಪ್ಪಿದವರು ಕೊನೆಗೆ ಕುಂಟು ಕುದುರೆಯನ್ನ ರಸ್ತೆಗೆ ಬಿಡ್ತಾರೆ. ಸಾಕಿದ ಪ್ರಾಣಿಗೆ ಸಾಕಷ್ಟು ಮೇವು, ನೀರು, ನೆರಳು ಕೊಡದೆ ಇರೋದೂ, ಹಸಿವು ಬಾಯಾರಿಕೆಯಿಂದ ನರಳೋ ಹಾಗೆ ಬೀದಿಗೆ ಬಿಡೋದೂ 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆ ಪ್ರಕಾರ ಅಪರಾಧ. ದಂಡದ ಮೊತ್ತ ತೀರಾ ಸಣ್ಣದು, ಅದಕ್ಕೇ ಯಾರೂ ಹೆದರಲ್ಲ. ಕುದುರೆ ನೋಡೋಕೆ ಸಂತೆಗೆ ಹೋಗೋ ಮುಂಚೆ ಒಂದು ತಿಂಗಳು ದಿನಾ 220 ರೂಪಾಯಿ ಡಬ್ಬಿಗೆ ಹಾಕಿ ನೋಡಿ. ಹಾಕೋಕೆ ಆಗದಿದ್ರೆ ಸಂತೆಗೆ ಹೋಗೋದೇ ಬೇಡ.