ಮೊಬೈಲ್ ಕಾರ್ಡ್ ಗೇಮ್: ಮಕ್ಕಳ ತಲೆಗೆ ಕಸರತ್ತೋ, ಅಪ್ಪ ಅಮ್ಮನ ಜೇಬಿಗೆ ಕತ್ತರಿಯೋ?

ವಿದ್ಯಾರಣ್ಯಪುರದಂಥ ಬಡಾವಣೆಯ ಯಾವುದೇ ಅಪಾರ್ಟ್‌ಮೆಂಟ್ ಗುಂಪು ಅಥವಾ ಶಾಲಾ ಪೋಷಕರ ಗುಂಪನ್ನು ತೆಗೆದು ನೋಡಿ. ಮಕ್ಕಳ ಮೊಬೈಲ್ ಗೇಮ್ ಬಗ್ಗೆ ಎರಡು ಬಗೆಯ ಫಾರ್ವರ್ಡ್‌ಗಳು ಸಿಗುತ್ತವೆ. ಕಾರ್ಡ್ ಗೇಮ್ ಆಡುವ ಮಕ್ಕಳು ಗಣಿತದಲ್ಲಿ ಮುಂದೆ ಬರುತ್ತಾರೆ ಎನ್ನುವುದು ಒಂದು ಬಗೆ. ಇದೆಲ್ಲ ಜೂಜು, ಸರ್ಕಾರ ನಿಷೇಧಿಸಿದೆ, ಫೋನಿನಲ್ಲಿದ್ದರೆ ಕೇಸು ಬೀಳುತ್ತದೆ ಎನ್ನುವುದು ಇನ್ನೊಂದು ಬಗೆ. ಎರಡನ್ನೂ ಒಬ್ಬರೇ ಫಾರ್ವರ್ಡ್ ಮಾಡುವುದೂ ಉಂಟು!

ಹಾಗಾದರೆ ನಿಜ ಏನು? ಚುಟುಕಾಗಿ ಹೇಳುವುದಾದರೆ, ಈ ಆ್ಯಪ್‌ಗಳ ಒಳಗೆ ಎರಡು ಬೇರೆ ಬೇರೆ ವಸ್ತುಗಳಿವೆ. ಒಂದು ಆಟ, ಇನ್ನೊಂದು ಅಂಗಡಿ. ಒಳ್ಳೆಯ ಗುಣಗಳಲ್ಲಿ ಹೆಚ್ಚಿನವು ಆಟದಲ್ಲಿವೆ, ತೊಂದರೆಗಳಲ್ಲಿ ಹೆಚ್ಚಿನವು ಅಂಗಡಿಯಲ್ಲಿವೆ. ಇವೆರಡನ್ನು ಬಿಡಿಸಿ ನೋಡದಿದ್ದರೆ ಹೊಗಳಿಕೆಯೂ ತಪ್ಪಾಗುತ್ತದೆ, ಬೈಗುಳವೂ ತಪ್ಪಾಗುತ್ತದೆ.

ಇದು ಇಸ್ಪೀಟಲ್ಲ, ರಮ್ಮಿಯೂ ಅಲ್ಲ

ಇಸ್ಪೀಟಿನಲ್ಲಿ ಎಲ್ಲರೂ ಒಂದೇ 52 ಎಲೆಗಳ ಕಟ್ಟಿನಿಂದ ಆಡುತ್ತಾರೆ. ಟ್ರೇಡಿಂಗ್ ಕಾರ್ಡ್ ಗೇಮ್‌ನಲ್ಲಿ ಪ್ರತಿಯೊಬ್ಬರೂ ತಾವು ಸಂಗ್ರಹಿಸಿದ ಕಾರ್ಡ್‌ಗಳಿಂದ ತಮ್ಮದೇ ಕಟ್ಟನ್ನು ಸಿದ್ಧಪಡಿಸಿಕೊಂಡು ಬರುತ್ತಾರೆ. ಇದಕ್ಕೆ ಡೆಕ್ ಎನ್ನುತ್ತಾರೆ. ಪ್ರತಿ ಕಾರ್ಡಿಗೂ ಒಂದು ಶಕ್ತಿ, ಒಂದು ದೌರ್ಬಲ್ಯ, ಬಳಸಲು ಒಂದು ಬೆಲೆ ಇರುತ್ತದೆ. ಯಾವ ಕಾರ್ಡನ್ನು ಯಾವ ಸರದಿಯಲ್ಲಿ ಇಳಿಸಬೇಕು ಎಂಬುದೇ ಆಟ.

ಈ ಪದ್ಧತಿಯನ್ನು ಜನಪ್ರಿಯಗೊಳಿಸಿದ್ದು 1993ರಲ್ಲಿ ಅಮೆರಿಕದಲ್ಲಿ ಬಂದ 'ಮ್ಯಾಜಿಕ್: ದಿ ಗ್ಯಾದರಿಂಗ್'. ಅದನ್ನು ರೂಪಿಸಿದ ರಿಚರ್ಡ್ ಗಾರ್‌ಫೀಲ್ಡ್ ಗಣಿತದಲ್ಲಿ ಪಿಎಚ್‌ಡಿ ಪಡೆದವರು. ಕಾಗದದ ಕಾರ್ಡ್‌ಗಳು ಪರದೆಗೆ ಬಂದಾಗ ದೊಡ್ಡ ಹೆಸರು ಮಾಡಿದ್ದು 2014ರ 'ಹಾರ್ತ್‌ಸ್ಟೋನ್'. 2022ರಲ್ಲಿ 'ಮಾರ್ವೆಲ್ ಸ್ನ್ಯಾಪ್' ಬಂತು. 2024ರ ಅಕ್ಟೋಬರ್ 30ರಂದು 'ಪೋಕೆಮಾನ್ ಟಿಸಿಜಿ ಪಾಕೆಟ್' ಬಿಡುಗಡೆಯಾಯಿತು.

ನಮ್ಮ ಓದುಗರಲ್ಲಿ ಹಲವರಿಗೆ ಬಬಲ್ ಗಮ್ ಜೊತೆ ಬರುತ್ತಿದ್ದ ಕ್ರಿಕೆಟಿಗರ ಕಾರ್ಡ್‌ಗಳು, ಕುಸ್ತಿಪಟುಗಳ ಟ್ರಂಪ್ ಕಾರ್ಡ್‌ಗಳು ನೆನಪಿರಬಹುದು. ಆ ಸಂಗ್ರಹದ ಆಸೆಯೇ ಈಗ ಫೋನಿನೊಳಗೆ ಬಂದಿದೆ. ಆದರೆ ಆಗ ಬೇಡದ ಕಾರ್ಡನ್ನು ಊಟದ ಬಿಡುವಿನಲ್ಲಿ ಗೆಳೆಯನಿಗೆ ಕೊಟ್ಟು ಬೇಕಾದ್ದನ್ನು ಪಡೆಯಬಹುದಿತ್ತು. ಈಗ ಆ ಕೊಡುಕೊಳ್ಳುವಿಕೆಯ ನಿಯಮವೂ ಕಂಪನಿಯ ಕೈಯಲ್ಲಿದೆ.

ಆಟದ ಒಳ್ಳೆಯ ಗುಣಗಳು

ಇವನ್ನು ಅಲ್ಲಗಳೆಯುವುದು ನ್ಯಾಯವಲ್ಲ.

ಮೊದಲನೆಯದು, ಯೋಚನೆಗೆ ಸಮಯ ಸಿಗುತ್ತದೆ. ಗುಂಡು ಹಾರಿಸುವ ಆಟಗಳಂತೆ ಬೆರಳಿನ ವೇಗ ಇಲ್ಲಿ ಮುಖ್ಯವಲ್ಲ. ಆಟ ಸರದಿಯ ಪ್ರಕಾರ ನಡೆಯುತ್ತದೆ. ಈಗ ಖರ್ಚು ಮಾಡಲೇ, ಮುಂದಿನ ಸರದಿಗೆ ಉಳಿಸಲೇ ಎಂದು ಲೆಕ್ಕ ಹಾಕಬೇಕು.

ಎರಡನೆಯದು, ಪಂದ್ಯ ಬೇಗ ಮುಗಿಯುತ್ತದೆ. ಪೋಕೆಮಾನ್ ಪಾಕೆಟ್‌ನಲ್ಲಿ ಡೆಕ್‌ಗೆ 20 ಕಾರ್ಡ್, ಮಾರ್ವೆಲ್ ಸ್ನ್ಯಾಪ್‌ನಲ್ಲಿ ಬರೀ 12. ಹೆಬ್ಬಾಳದ ಫ್ಲೈಓವರ್ ಮೇಲೆ ಬಸ್ಸು ನಿಂತಷ್ಟು ಹೊತ್ತಿನಲ್ಲಿ ಒಂದು ಪಂದ್ಯ ಮುಗಿಯುತ್ತದೆ.

ಮೂರನೆಯದು, ನಿಯಮ ಪಾಲನೆಯನ್ನು ಫೋನೇ ನೋಡಿಕೊಳ್ಳುತ್ತದೆ. ಮೋಸ ಮಾಡಿದೆ ಎಂಬ ಜಗಳವಿಲ್ಲ, ಎದುರಾಳಿಗಾಗಿ ಕಾಯಬೇಕಿಲ್ಲ. ಕಾಸು ಕೊಡದೆಯೂ ಆರಂಭಿಸಬಹುದು. ಪೋಕೆಮಾನ್ ಪಾಕೆಟ್‌ನಲ್ಲಿ 12 ಗಂಟೆಗೊಂದರಂತೆ ದಿನಕ್ಕೆ ಎರಡು ಪ್ಯಾಕ್ ಉಚಿತವಾಗಿ ಸಿಗುತ್ತವೆ. ಪ್ರತಿ ಪ್ಯಾಕಿನಲ್ಲಿ ಸಾಮಾನ್ಯವಾಗಿ ಐದು ಕಾರ್ಡ್ ಇರುತ್ತವೆ.

ಹಾಗಾದರೆ ಗಣಿತದ ಅಂಕ ಏರುತ್ತದೆಯೇ? ಇಲ್ಲಿ ಫಾರ್ವರ್ಡ್ ಎಡವುತ್ತದೆ. ಒಂದು ಆಟವನ್ನು ಹೆಚ್ಚು ಆಡಿದರೆ ಆ ಆಟದಲ್ಲಿ, ಅದನ್ನೇ ಹೋಲುವ ಕೆಲಸದಲ್ಲಿ ನಾವು ಚುರುಕಾಗುತ್ತೇವೆ. ಅದು ಶಾಲೆಯ ಪಾಠಕ್ಕೂ ದಿನನಿತ್ಯದ ಬದುಕಿಗೂ ಹರಿದು ಬರುತ್ತದೆ ಎನ್ನಲು ಗಟ್ಟಿ ಸಾಕ್ಷ್ಯ ಇಲ್ಲ. 'ಮಿದುಳಿಗೆ ವ್ಯಾಯಾಮ' ಎಂದು ಮಾರುವ ಆಟಗಳ ಅಧ್ಯಯನಗಳನ್ನು ಮನಶ್ಶಾಸ್ತ್ರಜ್ಞರ ತಂಡವೊಂದು 2016ರಲ್ಲಿ ಪರಿಶೀಲಿಸಿ ಇದನ್ನೇ ಹೇಳಿತು. ಅದೇ ವರ್ಷ ಇಂಥ ಅತಿಯಾದ ಜಾಹೀರಾತಿನ ಪ್ರಕರಣದಲ್ಲಿ 'ಲುಮೋಸಿಟಿ' ಆ್ಯಪ್‌ನ ಕಂಪನಿ ಅಮೆರಿಕದಲ್ಲಿ 20 ಲಕ್ಷ ಡಾಲರ್ ಕಟ್ಟಲು ಒಪ್ಪಬೇಕಾಯಿತು. ಮಗು ಖುಷಿಗೆ ಆಡಲಿ. ಟ್ಯೂಷನ್ ಬದಲಿಗೆ ಇದು ಸಾಕು ಎಂದುಕೊಳ್ಳಬೇಡಿ.

ಅಂಗಡಿಯ ಲೆಕ್ಕ: 100 ಪ್ಯಾಕ್ ತೆರೆದರೂ 37 ಮಂದಿ ಬರಿಗೈ

ಇನ್ನು ಅಂಗಡಿಗೆ ಬರೋಣ. ಅಲ್ಲಿ ನೀವು ಕೊಳ್ಳುವುದು ಕಾರ್ಡನ್ನಲ್ಲ, ಕಾರ್ಡ್ ಸಿಗಬಹುದಾದ ಒಂದು ಅವಕಾಶವನ್ನು. ಪ್ಯಾಕ್ ತೆರೆಯುವ ತನಕ ಒಳಗೆ ಏನಿದೆ ಎಂದು ಗೊತ್ತಾಗುವುದಿಲ್ಲ. ಇಂಥ ಮಾರಾಟಕ್ಕೆ ಲೂಟ್ ಬಾಕ್ಸ್ ಎಂಬ ಹೆಸರಿದೆ.

ಒಂದು ಉದಾಹರಣೆ ತೆಗೆದುಕೊಳ್ಳೋಣ. ಒಂದು ಅಪರೂಪದ ಕಾರ್ಡ್ ಪ್ಯಾಕಿನಲ್ಲಿ ಸಿಗುವ ಸಾಧ್ಯತೆ ಶೇ 1 ಎಂದಿಟ್ಟುಕೊಳ್ಳಿ. '100 ಪ್ಯಾಕ್ ತೆರೆದರೆ ಒಂದು ಸಿಕ್ಕೇ ಸಿಗುತ್ತದೆ' ಎಂದು ಬಹಳ ಜನ ಎಣಿಸುತ್ತಾರೆ. ಇದು ತಪ್ಪು ಲೆಕ್ಕ. ಒಂದು ಪ್ಯಾಕಿನಲ್ಲಿ ಸಿಗದಿರುವ ಸಾಧ್ಯತೆ ಶೇ 99. ಆ 0.99 ಅನ್ನು 100 ಸಲ ಗುಣಿಸಿದರೆ ಬರುವುದು ಸುಮಾರು 0.37. ಅಂದರೆ 100 ಮಕ್ಕಳು ತಲಾ 100 ಪ್ಯಾಕ್ ತೆರೆದರೆ ಸುಮಾರು 37 ಮಕ್ಕಳಿಗೆ ಆ ಕಾರ್ಡ್ ಸಿಗುವುದೇ ಇಲ್ಲ. ಸಿಗುವ ಸಾಧ್ಯತೆ ಶೇ 95 ಮುಟ್ಟಬೇಕಾದರೆ 299 ಪ್ಯಾಕ್ ಬೇಕು. ಪ್ಯಾಕಿಗೆ 100 ರೂಪಾಯಿ ಎಂದು ಹಿಡಿದರೂ 29,900 ರೂಪಾಯಿ. ಅದೂ ಒಂದೇ ಒಂದು ಕಾರ್ಡಿಗೆ!

ಶೇ 1 ಎಂಬುದು ಉದಾರವಾದ ಲೆಕ್ಕ. ಪೋಕೆಮಾನ್ ಪಾಕೆಟ್‌ನ ಮೊದಲ ಸರಣಿಯಲ್ಲಿ, ಎಲ್ಲ ಕಾರ್ಡ್‌ಗಳೂ ಅಪರೂಪದವೇ ಆಗಿರುವ ವಿಶೇಷ ಪ್ಯಾಕ್ ಸಿಗುವ ಸಾಧ್ಯತೆ ಶೇ 0.05 ಎಂದು ಆ್ಯಪ್‌ನಲ್ಲೇ ಬರೆದಿತ್ತು. ಎಂದರೆ 2,000 ಪ್ಯಾಕಿಗೆ ಒಂದು.

ಇದಕ್ಕಿಂತ ಜಾಣ ಬಲೆ ಇನ್ನೊಂದಿದೆ: 'ಇನ್ನು ಎರಡೇ ಎರಡು ಕಾರ್ಡ್, ಸೆಟ್ ಪೂರ್ತಿ'. 50 ಕಾರ್ಡ್‌ಗಳ ಒಂದು ಸೆಟ್ ಇದೆ, ಎಲ್ಲ ಕಾರ್ಡೂ ಸಮಾನವಾಗಿ ಸಿಗುತ್ತವೆ ಎಂದುಕೊಳ್ಳಿ. ಮೊದಲ 25 ಬೇರೆ ಬೇರೆ ಕಾರ್ಡ್ ಸೇರಲು ಸರಾಸರಿ 34 ಕಾರ್ಡ್ ತೆಗೆದರೆ ಸಾಕು. ಪೂರ್ತಿ 50 ಸೇರಲು ಸರಾಸರಿ 225 ಬೇಕು. ಕೊನೆಯ ಒಂದು ಕಾರ್ಡಿಗೇ ಸರಾಸರಿ 50 ಪ್ರಯತ್ನ ಹಿಡಿಯುತ್ತದೆ, ಏಕೆಂದರೆ ಆಗ ಕೈಗೆ ಬರುವುದೆಲ್ಲ ಆಗಲೇ ಇರುವ ಕಾರ್ಡ್‌ಗಳೇ. ಅರ್ಧ ದಾರಿ ಬಂದೆವು ಅನ್ನಿಸಿದಾಗ ನಿಜಕ್ಕೂ ಬಂದಿರುವುದು ಸುಮಾರು ಏಳನೇ ಒಂದು ಪಾಲು. ಇಂಥ ಬಿಡಿ ವಸ್ತುಗಳ ಸೆಟ್ ಪೂರ್ಣಗೊಳಿಸಿದರೆ ದೊಡ್ಡ ಬಹುಮಾನ ಎಂದು ಆಸೆ ತೋರಿಸುವ ಪದ್ಧತಿಯನ್ನು ಜಪಾನ್‌ನ ಗ್ರಾಹಕ ವ್ಯವಹಾರಗಳ ಸಂಸ್ಥೆ 2012ರಲ್ಲಿ ಕಾನೂನುಬಾಹಿರ ಎಂದಿತು.

ಮೂರನೆಯ ಜಾಣತನ ಬೆಲೆಯನ್ನು ಮರೆಮಾಡುವುದು. ಪ್ಯಾಕಿಗೆ ನೇರ ರೂಪಾಯಿ ಇರುವುದಿಲ್ಲ, ವಜ್ರ, ನಾಣ್ಯ, ಹರಳು ಇರುತ್ತವೆ. 449 ರೂಪಾಯಿಗೆ 500 ವಜ್ರ, ಪ್ಯಾಕಿಗೆ 120 ವಜ್ರ ಎಂದರೆ ಪ್ಯಾಕಿಗೆ ಎಷ್ಟಾಯಿತು? ಸುಮಾರು 108 ರೂಪಾಯಿ. ನಾಲ್ಕು ಪ್ಯಾಕ್ ಕೊಂಡ ಮೇಲೆ 20 ವಜ್ರ ಉಳಿಯುತ್ತವೆ. ಅವನ್ನು ವ್ಯರ್ಥ ಮಾಡಬಾರದೆಂದು ಮತ್ತೆ ವಜ್ರ ಕೊಳ್ಳುವ ಮನಸ್ಸಾಗುತ್ತದೆ.

'ಇಷ್ಟು ಸಲ ಬರಲಿಲ್ಲ, ಮುಂದಿನದು ಗ್ಯಾರಂಟಿ'

ಇದು ಹಳೆಯ ತಪ್ಪು ನಂಬಿಕೆ. ನಾಣ್ಯವನ್ನು ಐದು ಸಲ ಚಿಮ್ಮಿದಾಗ ಐದೂ ಸಲ ತಲೆ ಬಿದ್ದಿದ್ದರೂ ಆರನೆಯ ಸಲ ನಾಣ್ಯಕ್ಕೆ ಹಿಂದಿನದು ನೆನಪಿರುವುದಿಲ್ಲ. ಪ್ಯಾಕೂ ಹಾಗೆಯೇ. ಒಂದು ವಿನಾಯಿತಿ ಇದೆ. ಕೆಲವು ಆಟಗಳಲ್ಲಿ ಇಷ್ಟು ಪ್ಯಾಕಿನೊಳಗೆ ಅಪರೂಪದ ಕಾರ್ಡ್ ಒಂದು ಖಚಿತ ಎಂಬ ನಿಯಮವೇ ಇರುತ್ತದೆ. ಹಾರ್ತ್‌ಸ್ಟೋನ್‌ನಲ್ಲಿ ಅತಿ ಅಪರೂಪದ ದರ್ಜೆಯ ಕಾರ್ಡಿಗೆ ಆ ಮಿತಿ 40 ಪ್ಯಾಕ್. ಆಟದ ನಿಯಮಗಳ ಪುಟದಲ್ಲಿ ಹಾಗೆ ಬರೆದಿದ್ದರೆ ನಂಬಿ, ಇಲ್ಲದಿದ್ದರೆ ಅದು ಬರೀ ಆಸೆ.

ದುಡ್ಡು ಕೊಟ್ಟ ಕಾರ್ಡ್ ನಮ್ಮದೇ ಅಲ್ಲವೇ?

ಅಲ್ಲ. ಕಾಗದದ ಕಾರ್ಡನ್ನು ಮಾರಬಹುದು, ತಂಗಿಗೆ ಕೊಡಬಹುದು, ಪೆಟ್ಟಿಗೆಯಲ್ಲಿ 20 ವರ್ಷ ಇಡಬಹುದು. ಡಿಜಿಟಲ್ ಕಾರ್ಡ್‌ಗೆ ನಾವು ಕೊಡುವುದು ಬಳಕೆಯ ಅನುಮತಿಗೆ ಮಾತ್ರ. ಕಂಪನಿ ಸರ್ವರ್ ನಿಲ್ಲಿಸಿದರೆ ಸಂಗ್ರಹವೂ ಹೋಗುತ್ತದೆ. 'ದಿ ಎಲ್ಡರ್ ಸ್ಕ್ರೋಲ್ಸ್: ಲೆಜೆಂಡ್ಸ್' ಎಂಬ ಕಾರ್ಡ್ ಗೇಮ್‌ನ ಸರ್ವರ್‌ಗಳು 2025ರ ಜನವರಿ 30ರಂದು ಬಂದಾದವು. ಅದೇ ತಿಂಗಳು ಅಮೆರಿಕದಲ್ಲಿ ಟಿಕ್‌ಟಾಕ್ ನಿರ್ಬಂಧದ ಜೊತೆಗೆ ಮಾರ್ವೆಲ್ ಸ್ನ್ಯಾಪ್ ಕೂಡ ಕೆಲ ದಿನ ಸ್ಥಗಿತವಾಗಿತ್ತು. ಅದರ ಆಗಿನ ಪ್ರಕಾಶಕರು ಟಿಕ್‌ಟಾಕ್‌ನ ಮಾತೃಸಂಸ್ಥೆಗೆ ಸೇರಿದವರಾಗಿದ್ದರು ಎಂಬುದೇ ಕಾರಣ.

ಹೆಸರಿನಲ್ಲಿ 'ಟ್ರೇಡಿಂಗ್' ಇದ್ದರೂ ವಿನಿಮಯ ಸುಲಭವಲ್ಲ. ಪೋಕೆಮಾನ್ ಪಾಕೆಟ್‌ನಲ್ಲಿ ಆ ಸೌಲಭ್ಯ ಬಂದಿದ್ದೇ 2025ರ ಜನವರಿ ಕೊನೆಯಲ್ಲಿ. ಬೆಲೆಯುಳ್ಳ ಕಾರ್ಡನ್ನು ಬದಲಿಸಲು ಮೊದಲು ಬೇರೆ ಅಪರೂಪದ ಕಾರ್ಡ್‌ಗಳನ್ನು ಬಿಟ್ಟುಕೊಟ್ಟು ಟೋಕನ್ ಪಡೆಯಬೇಕಿತ್ತು. ಆಟಗಾರರು ಜೋರಾಗಿ ಆಕ್ಷೇಪಿಸಿದರು, ಕೆಲ ತಿಂಗಳ ನಂತರ ಕಂಪನಿ ಆ ಟೋಕನ್ ಪದ್ಧತಿ ಕೈಬಿಟ್ಟಿತು.

'ಕಾರ್ಡ್ ಗೇಮ್ ಎಲ್ಲ ನಿಷೇಧ' ಎಂಬ ಮೆಸೇಜ್ ನಿಜವೇ?

ಅರ್ಧ ಮಾತ್ರ ನಿಜ. ಹಣ ಒಡ್ಡಿ ಆಡುವ ಆನ್‌ಲೈನ್ ಆಟಗಳನ್ನು ತಡೆಯಲು ಕರ್ನಾಟಕ ಸರ್ಕಾರ 2021ರಲ್ಲಿ ಪೊಲೀಸ್ ಕಾಯ್ದೆಗೆ ತಿದ್ದುಪಡಿ ತಂದಿತ್ತು. ಅದರ ಮುಖ್ಯ ಭಾಗಗಳನ್ನು ಕರ್ನಾಟಕ ಹೈಕೋರ್ಟ್ 2022ರ ಫೆಬ್ರುವರಿ 14ರಂದು ರದ್ದುಪಡಿಸಿತು. ನಂತರ ಸಂಸತ್ತು ಆನ್‌ಲೈನ್ ಗೇಮಿಂಗ್ ಕಾಯ್ದೆಯನ್ನು ಅಂಗೀಕರಿಸಿತು. ಅದಕ್ಕೆ 2025ರ ಆಗಸ್ಟ್ 22ರಂದು ರಾಷ್ಟ್ರಪತಿಗಳ ಅಂಕಿತ ಬಿತ್ತು.

ಈ ಕಾಯ್ದೆ ಆಟಗಳನ್ನು ಮೂರಾಗಿ ನೋಡುತ್ತದೆ: ಇ-ಸ್ಪೋರ್ಟ್ಸ್, ಸೋಷಿಯಲ್ ಗೇಮ್, ಮನಿ ಗೇಮ್. ನಿಷೇಧ ಇರುವುದು ಮೂರನೆಯದಕ್ಕೆ, ಅಂದರೆ ಹಣ ಹಾಕಿ ಹಣ ಅಥವಾ ಹಣಕ್ಕೆ ಸಮನಾದ ಲಾಭ ಗೆಲ್ಲುವ ಆಸೆಯಿಂದ ಆಡುವಂಥವಕ್ಕೆ. ದುಡ್ಡಿನ ರಮ್ಮಿ ಇದರಡಿ ಬರುತ್ತದೆ. ಬರೀ ಮನರಂಜನೆಯ ಕಾರ್ಡ್ ಗೇಮ್ ಫೋನಿನಲ್ಲಿದೆ ಎಂದು ಕೇಸು ಬೀಳುತ್ತದೆ ಎನ್ನುವುದು ಸುಳ್ಳು. ಆದರೆ ಗಮನಿಸಿ, ಪ್ಯಾಕಿನಿಂದ ಹಣ ವಾಪಸ್ ಬರುವುದಿಲ್ಲ, ಹೋಗುವುದು ಮಾತ್ರ. ಹಾಗಾಗಿ ಕಾನೂನಿನ ತಕರಾರಿಲ್ಲ ಎಂದ ಮಾತ್ರಕ್ಕೆ ಜೇಬಿಗೆ ಅಪಾಯವಿಲ್ಲ ಎಂದಲ್ಲ. ಬೆಲ್ಜಿಯಂ 2018ರಲ್ಲೇ ಹಣಕ್ಕೆ ಮಾರುವ ಲೂಟ್ ಬಾಕ್ಸ್‌ಗಳನ್ನು ಜೂಜಿನ ಸಾಲಿಗೆ ಸೇರಿಸಿತ್ತು.

ಅದೇ ವರ್ಷ 7,000ಕ್ಕೂ ಹೆಚ್ಚು ಆಟಗಾರರನ್ನು ಕೇಳಿ ನಡೆಸಿದ ಅಧ್ಯಯನವೊಂದು, ಲೂಟ್ ಬಾಕ್ಸ್‌ಗೆ ಹೆಚ್ಚು ಖರ್ಚು ಮಾಡುವವರಲ್ಲಿ ಜೂಜಿನ ಸಮಸ್ಯೆಯೂ ಹೆಚ್ಚು ಎಂದು ಕಂಡುಕೊಂಡಿತು. ಯಾವುದು ಯಾವುದಕ್ಕೆ ಕಾರಣ ಎಂದು ಅದರಿಂದ ಹೇಳಲಾಗದು. ಎರಡೂ ಜೊತೆಗಿರುತ್ತವೆ ಎಂಬುದೇ ಎಚ್ಚರಿಕೆಗೆ ಸಾಕು.

ಎಷ್ಟು ಆಡಿದರೆ ಕಾಯಿಲೆ?

ಗಂಟೆಯ ಲೆಕ್ಕದಲ್ಲಿ ಇದನ್ನು ಅಳೆಯುವುದಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ರೋಗಗಳ ಪಟ್ಟಿಯಲ್ಲಿ 2022ರಿಂದ ಜಾರಿಗೆ ಬಂದ 'ಗೇಮಿಂಗ್ ಡಿಸಾರ್ಡರ್'ಗೆ ಮೂರು ಲಕ್ಷಣಗಳಿವೆ: ಆಟದ ಮೇಲೆ ಹಿಡಿತ ತಪ್ಪುವುದು, ಊಟ, ನಿದ್ದೆ, ಓದಿಗಿಂತ ಆಟವೇ ಮುಖ್ಯವಾಗುವುದು, ತೊಂದರೆಯಾಗುತ್ತಿದೆ ಎಂದು ಗೊತ್ತಿದ್ದರೂ ಮುಂದುವರಿಸುವುದು. ಇದು ಸಾಮಾನ್ಯವಾಗಿ 12 ತಿಂಗಳು ಕಂಡುಬರಬೇಕು. ರಜೆಯಲ್ಲಿ ನಾಲ್ಕು ದಿನ ಹೆಚ್ಚು ಆಡಿದ ಮಗುವಿಗೆ 'ಅಡಿಕ್ಟ್' ಎಂಬ ಹಣೆಪಟ್ಟಿ ಹಚ್ಚಬೇಡಿ. ನಿಜವಾಗಿಯೂ ಚಿಂತೆ ಇದ್ದರೆ ನೆರವು ನಮ್ಮ ಊರಲ್ಲೇ ಇದೆ. ನಿಮ್ಹಾನ್ಸ್‌ನಲ್ಲಿ 2014ರಿಂದ 'ಶಟ್' ಹೆಸರಿನ ಕ್ಲಿನಿಕ್ ಇದಕ್ಕೆಂದೇ ನಡೆಯುತ್ತಿದೆ. ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿ ಕನ್ನಡದಲ್ಲೇ ಮಾತಾಡಬಹುದು.

ಮನೆಯಲ್ಲಿ ಏನು ಮಾಡಬಹುದು?

• ಆಟಕ್ಕೂ ಅಂಗಡಿಗೂ ನಡುವೆ ಬೀಗ ಹಾಕಿ. ಪ್ಲೇ ಸ್ಟೋರ್ ಅಥವಾ ಆ್ಯಪ್ ಸ್ಟೋರ್‌ನಲ್ಲಿ ಪ್ರತಿ ಖರೀದಿಗೂ ಪಾಸ್‌ವರ್ಡ್ ಕೇಳುವಂತೆ ಇಡಿ. ಅಪ್ಪ ಅಮ್ಮ ಮಾನ್ಯತಾ ಟೆಕ್ ಪಾರ್ಕಿನಿಂದ ಮನೆ ತಲುಪುವ ತನಕ ಮಗುವಿನ ಕೈಯಲ್ಲಿರುವುದು ಅಜ್ಜಿಯ ಫೋನು. ಅದಕ್ಕೂ ಈ ಬೀಗ ಬೇಕು. ಯುಪಿಐ ಪಿನ್ ಮಗುವಿಗೆ ಗೊತ್ತಿರಬಾರದು.

• ವಜ್ರ, ನಾಣ್ಯಗಳನ್ನು ಮಗುವಿನ ಜೊತೆ ಕೂತು ರೂಪಾಯಿಗೆ ಬದಲಿಸಿ ನೋಡಿ. ಸಾಧ್ಯತೆಗಳ ಪಟ್ಟಿಯನ್ನು ಒಟ್ಟಿಗೆ ಓದಿ. ಆಪಲ್ 2017ರ ಡಿಸೆಂಬರ್‌ನಿಂದ ಈ ಪಟ್ಟಿಯನ್ನು ಖರೀದಿಗೆ ಮೊದಲೇ ತೋರಿಸುವುದನ್ನು ಕಡ್ಡಾಯ ಮಾಡಿದೆ. ಮಗು ಗಣಿತ ಕಲಿಯಬೇಕೆಂದರೆ ಈ ಪಟ್ಟಿಯೇ ಒಳ್ಳೆಯ ಪಾಠ.

• ಅಂಗಡಿಯೇ ಇಲ್ಲದ ಕಾರ್ಡ್ ಗೇಮ್‌ಗಳೂ ಇವೆ. 'ಸ್ಲೇ ದಿ ಸ್ಪೈರ್', 'ಬಲಾಟ್ರೊ' ಇಂಥವಕ್ಕೆ ಒಮ್ಮೆ ದುಡ್ಡು ಕೊಟ್ಟರೆ ಮುಗಿಯಿತು, ಕಾರ್ಡ್‌ಗಳೆಲ್ಲ ಆಟದೊಳಗೇ ಸಿಗುತ್ತವೆ. ಪೋಕರ್ ಚಿತ್ರಗಳಿವೆ ಎಂಬ ಕಾರಣಕ್ಕೆ ಯುರೋಪಿನ ವಯೋಮಿತಿ ಸಂಸ್ಥೆ ಬಲಾಟ್ರೊಗೆ 18 ವರ್ಷದ ಮಿತಿ ಕೊಟ್ಟಿತ್ತು. 2025ರ ಫೆಬ್ರುವರಿಯಲ್ಲಿ ಅದನ್ನು 12ಕ್ಕೆ ಇಳಿಸಿತು. ಹಾಗಾಗಿ ವಯಸ್ಸಿನ ಗುರುತೊಂದನ್ನೇ ನೋಡಿ ನಿರ್ಧರಿಸಬೇಡಿ, ಒಳಗೆ ಪ್ಯಾಕ್ ಮಾರಾಟ ಇದೆಯೇ ಎಂದು ನೋಡಿ.

• 'ಉಚಿತ ಪ್ಯಾಕ್', 'ಅನ್‌ಲಿಮಿಟೆಡ್ ವಜ್ರ' ಎಂಬ ಲಿಂಕ್ ಅಥವಾ ಎಪಿಕೆ ಫೈಲ್ ಬಂದರೆ ತೆರೆಯಬೇಡಿ. ಹಣ ಹೋದರೆ ತಡಮಾಡದೆ 1930ಕ್ಕೆ ಕರೆ ಮಾಡಿ.

ಮುಂದಿನ ಸಲ ಗುಂಪಿನಲ್ಲಿ 'ಕಾರ್ಡ್ ಗೇಮ್ ಒಳ್ಳೆಯದು' ಅಥವಾ 'ಕಾರ್ಡ್ ಗೇಮ್ ಜೂಜು' ಎಂಬ ಮೆಸೇಜ್ ಬಂದಾಗ ಒಂದೇ ಪ್ರಶ್ನೆ ಕೇಳಿ: ಈ ಮಾತು ಆಟದ ಬಗ್ಗೆಯೋ, ಅಂಗಡಿಯ ಬಗ್ಗೆಯೋ? ಉತ್ತರ ಸಿಗುವ ತನಕ ಫಾರ್ವರ್ಡ್ ಮಾಡಬೇಡಿ. ಮಾಡಲೇಬೇಕು ಅನ್ನಿಸಿದರೆ 100 ಪ್ಯಾಕ್, 37 ಮಂದಿ ಬರಿಗೈ ಎಂಬ ಲೆಕ್ಕವನ್ನು ಕಳಿಸಿ.