ಹರಕೆಯಿಲ್ಲದೆ ನಡೆಯುವವರು

ದೇಶ ಸುತ್ತು, ಇಲ್ಲವೇ ಕೋಶ ಓದು ಎನ್ನುತ್ತಾರೆ. ಈ ಮಾತು ಹೇಳಿದವರು ಹೆಂಗಸರನ್ನು ಮನಸ್ಸಿನಲ್ಲಿಟ್ಟುಕೊಂಡು ಹೇಳಿರಲಾರರು. ನಮ್ಮ ವಿಜಯಪುರದ ಕಡೆ ಹೆಣ್ಣುಮಗಳು ಹೊಸ್ತಿಲು ದಾಟಿ ನಾಲ್ಕು ಹರದಾರಿ ಹೋಗಬೇಕಾದರೆ ಒಂದು ಕಾರಣ ಬೇಕು. ಬಾಣಂತನ, ಮದುವೆ, ಸಾವು, ಇಲ್ಲವೇ ದೇವರು. ಸುಮ್ಮನೆ ಹೊಲ, ಗುಡ್ಡ ನೋಡುತ್ತ ನಡೆದು ಬರುತ್ತೇನೆ ಎಂದರೆ ಅದು ಕಾರಣವೇ ಅಲ್ಲ!

ಹೋದ ಚಳಿಗಾಲ ನಾವು ನಾಲ್ವರು ಗೆಳತಿಯರು ಎರಡು ದಿನದ ಪ್ರವಾಸಕ್ಕೆ ಲೆಕ್ಕ ಹಾಕಿದೆವು. ಕಾರು ಬೇಡವೆಂದು ಮೊದಲೇ ನಿಶ್ಚಯ. ಬಸವನ ಬಾಗೇವಾಡಿಯವರೆಗೆ ಬಸ್ಸು, ಅಲ್ಲಿಂದ ಇಂಗಳೇಶ್ವರಕ್ಕೆ ಸುಮಾರು 10 ಕಿಲೋಮೀಟರ್ ಕಾಲ್ನಡಿಗೆ. ಬಸವಣ್ಣನವರ ತಾಯಿ ಮಾದಲಾಂಬಿಕೆಯ ತವರೆಂದು ಹೇಳುವ ಊರು ಅದು. ವಚನಗಳನ್ನು ಕಲ್ಲಿನಲ್ಲಿ ಕೊರೆಸಿದ ಶಿಲಾಮಂಟಪ ಅಲ್ಲಿದೆ. ಸಂಜೆ ಬಸ್ಸಿಗೆ ಬಾಗೇವಾಡಿಗೆ ಮರಳಿ ಒಬ್ಬಳ ಅಕ್ಕನ ಮನೆಯಲ್ಲಿ ಉಳಿಯುವುದು, ಮರುದಿನ ಆಲಮಟ್ಟಿಗೆ ಹೋಗಿ ಕೃಷ್ಣೆಯ ಹಿನ್ನೀರಿನ ದಂಡೆಯಲ್ಲಿ ಅಡ್ಡಾಡುವುದು. ಬುತ್ತಿಗೆ ಕಡಕ್ ರೊಟ್ಟಿ, ಶೇಂಗಾ ಹಿಂಡಿ. ಮಳೆಗಾಲದಲ್ಲಾದರೆ ಎರೆಮಣ್ಣು ಕಾಲು ಹಿಡಿಯುತ್ತದೆ, ಬೇಸಿಗೆಯ ಬಿಸಿಲಂತೂ ಕೇಳುವುದೇ ಬೇಡ. ಜೋಳ ತೆನೆಗಟ್ಟುವ ಕಾಲವೇ ನಡೆಯುವ ಕಾಲ.

ಓಣಿಯ ಹಿರಿಯಳೊಬ್ಬಳು ಕೇಳಿದಳು: "ಯಾಕ್ವಾ, ಏನು ಹರಕಿ ಹೊತ್ತೀರಿ?" ಹರಕೆ ಇಲ್ಲವೆಂದಾಗ ಅವಳ ಮುಖದಲ್ಲಿ ಸಂಶಯ ಕಂಡಿತು.

ಯೋಚಿಸಿ ನೋಡಿ. ಯುಗಾದಿಯ ಮುಂಚೆ ನಮ್ಮ ಜಿಲ್ಲೆಗಳಿಂದ ಸಾವಿರಾರು ಜನ ಶ್ರೀಶೈಲಕ್ಕೆ ನಡೆಯುತ್ತಾರೆ, ಅವರಲ್ಲಿ ಹೆಂಗಸರೂ ಇರುತ್ತಾರೆ. ದಾರಿಯುದ್ದಕ್ಕೂ ಅನ್ನ, ನೀರು, ನೆರಳು ಸಿಗುತ್ತದೆ. ಅಂದರೆ ನಡೆಯುವವರನ್ನು ಉಪಚರಿಸುವುದು ನಮ್ಮ ಜನಕ್ಕೆ ಗೊತ್ತು. ಆದರೆ ದೇವರ ಹೆಸರಿಲ್ಲದೆ ನಡೆದರೆ ಅದೇ ಹೆಂಗಸು "ತಿರುಗೂಳಿ" ಆಗುತ್ತಾಳೆ. ಕಲ್ಯಾಣದಿಂದ ಶ್ರೀಶೈಲಕ್ಕೆ ಒಬ್ಬಳೇ ಹೊರಟ ಅಕ್ಕಮಹಾದೇವಿಯ ಪಟ ಗೋಡೆಗೆ ತೂಗುಹಾಕಿದ ಮನೆಯಲ್ಲೇ ಸೊಸೆಗೆ, "ಜೊತೆಗೆ ಗಂಡಸರು ಯಾರು?" ಎಂಬ ಪ್ರಶ್ನೆ.

ಕಾಲ ಸರಿಯಿಲ್ಲ, ಭಯ ಎನ್ನುತ್ತಾರೆ. ಇದೇ ರಸ್ತೆಯಲ್ಲಿ ಬೆಳಗಾಗುವ ಮುಂಚೆ ಹೆಂಗಸರು ಕಳೆ ತೆಗೆಯಲು, ಕಟ್ಟಿಗೆ ತರಲು ನಡೆಯುತ್ತಾರಲ್ಲ, ಅವರ ಬಗ್ಗೆ ಯಾರಿಗೂ ಭಯವಿಲ್ಲವೇಕೆ? ದುಡಿಮೆಗೆ ನಡೆದರೆ ಸುರಕ್ಷಿತ, ಸಂತೋಷಕ್ಕೆ ನಡೆದರೆ ಅಪಾಯ, ಇದೆಂಥ ನ್ಯಾಯ? ಎಳ್ಳಮಾವಾಸ್ಯೆಗೆ ಹೊಲಕ್ಕೆ ಹೋಗುವುದುಂಟು, ನಿಜ. ಆದರೆ ಮುಂಚಿನ ದಿನವಿಡೀ ಒಲೆಯ ಮುಂದೆ ಬೆಂದವರಿಗೆ ಅದು ರಜೆಯೇ?

ಇಟಲಿಯ ಸಮುದ್ರದಂಚಿನಲ್ಲಿ ಚಿಂಕ್ವೆ ತೆರ್ರೆ ಎಂಬ ಐದು ಹಳ್ಳಿಗಳಿವೆ. ಐದರಲ್ಲೂ ರೈಲು ನಿಲ್ಲುತ್ತದೆ. ಹಳ್ಳಿಯಿಂದ ಹಳ್ಳಿಗೆ ಕಾಲುದಾರಿಗಳಿವೆ, ದಾರಿ ತಪ್ಪದಂತೆ ಕಲ್ಲಿನ ಮೇಲೆ ಕೆಂಪು ಬಿಳಿ ಬಣ್ಣದ ಗುರುತು. ಕಾರಿಲ್ಲದವರಿಗೇ ಅಲ್ಲಿ ಅನುಕೂಲ ಹೆಚ್ಚು. ಅಲ್ಲಿ ನಡೆಯುವವರನ್ನು ಯಾರೂ ಹರಕೆ ಏನೆಂದು ಕೇಳುವುದಿಲ್ಲ. ಒಂದು ಡಬ್ಬಿ ಬಣ್ಣಕ್ಕೆ ನಮ್ಮಲ್ಲೇನು ಬರವೇ?

ನಮಗೂ ಒಂದು ಬಾಗಿಲು ತೆರೆದಿದೆ. 2023ರ ಜೂನ್ 11ರಂದು ಶಕ್ತಿ ಯೋಜನೆ ಬಂದು ಸಾಮಾನ್ಯ ಸರಕಾರಿ ಬಸ್ಸಿನಲ್ಲಿ ರಾಜ್ಯದ ಹೆಂಗಸರಿಗೆ ಟಿಕೆಟ್ಟಿನ ಹಣ ಉಳಿಯಿತು. ಗಂಡನ ಕಿಸೆಗೆ ಕೈಚಾಚದೆ ಹೊರಡಬಹುದು. ಆದರೆ ಬಸ್ಸು ಇಳಿದ ಮೇಲೆ? ನಾವು ಹೋದಾಗ ದಾರಿಯ ನಿಲ್ದಾಣವೊಂದರಲ್ಲಿ ಹೆಂಗಸರ ಪಾಯಖಾನೆಗೆ ಬೀಗ ಹಾಕಿತ್ತು. ಕಬ್ಬು ಹೇರಿದ ಟ್ರಾಕ್ಟರು ಬಂದಾಗಲೆಲ್ಲ ರಸ್ತೆ ಬಿಟ್ಟು ಮುಳ್ಳುಕಂಟಿಗೆ ಇಳಿಯಬೇಕಾಯಿತು. ಸಂಜೆಯ ಬಸ್ಸು ಎಷ್ಟು ಹೊತ್ತಿಗೆಂದು ಮೂವರನ್ನು ಕೇಳಿದರೆ ಮೂರು ಉತ್ತರ. ಇದಕ್ಕೆ ಹೆದರಿಯೇ ಎಷ್ಟೋ ಹೆಂಗಸರು ಮುಂಜಾನೆಯಿಂದ ನೀರು ಕುಡಿಯದೆ ಪ್ರಯಾಣ ಮಾಡುತ್ತಾರೆ.

ಕಾರು ಇದಕ್ಕೆಲ್ಲ ಪರಿಹಾರವೆಂದು ಹೇಳುವವರಿಗೆ ನನ್ನದೊಂದು ಮಾತು. ಕಾರಿನ ಕೀಲಿ ಯಾರ ಕೈಯಲ್ಲಿರುತ್ತದೆಯೋ ಪ್ರವಾಸವೂ ಅವರದೇ. ಎಲ್ಲಿ ನಿಲ್ಲಬೇಕು, ಯಾವಾಗ ಮರಳಬೇಕು ಎಂಬುದನ್ನು ಅವರೇ ಹೇಳುತ್ತಾರೆ. ನಾವು ಹಿಂದಿನ ಸೀಟಿನಲ್ಲಿ ಡಬ್ಬಿ ಬಿಚ್ಚುತ್ತ ಕೂರುತ್ತೇವೆ. ನಮಗೆ ಬೇಕಾದದ್ದು ಬಹಳಿಲ್ಲ: ಹೇಳಿದ ಹೊತ್ತಿಗೆ ಬರುವ ಬಸ್ಸು, ರಸ್ತೆಯ ಪಕ್ಕ ಎರಡು ಮೊಳ ಜಾಗ, ನೀರು ಮತ್ತು ಒಳಗೊಂದು ಚಿಲಕವಿರುವ ಪಾಯಖಾನೆ. ಇಷ್ಟನ್ನು ಪಂಚಾಯಿತಿಯಲ್ಲಿ, ಡಿಪೋದಲ್ಲಿ ಕೇಳಿ ಪಡೆಯೋಣ. ಮನೆಯಲ್ಲಿ ಮಾತ್ರ ಏನನ್ನೂ ಕೇಳುವುದು ಬೇಡ, ತಿಳಿಸಿ ಹೊರಡೋಣ.