ಆಟಕ್ಕಿಂತ ಉದ್ದದ ‘ನಾನು’

ಕ್ರೀಡೆಯ ಬಗೆಗಿನ ದೀರ್ಘ ಲೇಖನಗಳನ್ನು ಹುಡುಕಿಕೊಂಡು ಓದುವ ಚಟ ನನಗಿದೆ. ಈಚೆಗೆ ಅವುಗಳ ಒಂದೇ ಅಚ್ಚಿನ ಆರಂಭ ಬೇಸರ ತರಿಸಿದೆ. ಲೇಖಕ ವಿಮಾನ ಇಳಿಯುತ್ತಾನೆ, ಹೋಟೆಲಿನಲ್ಲಿ ಕಾಫಿ ಕುಡಿಯುತ್ತಾನೆ, ಆಟಗಾರನ ಮ್ಯಾನೇಜರ್ ಫೋನ್ ಎತ್ತುವುದಿಲ್ಲ, ಚಿಕ್ಕಂದಿನಲ್ಲಿ ಅಪ್ಪನ ಜೊತೆ ಪಂದ್ಯ ನೋಡಿದ್ದು ನೆನಪಾಗುತ್ತದೆ. ಸಾವಿರ ಪದ ದಾಟಿದರೂ ಆಟಗಾರ ಮೈದಾನಕ್ಕೆ ಇಳಿದಿರುವುದಿಲ್ಲ. ಇದನ್ನು ಆತ್ಮೀಯ ಬರವಣಿಗೆ ಎಂದು ಹೊಗಳುವವರಿದ್ದಾರೆ. ನನ್ನ ತಕರಾರು ಅವರೊಂದಿಗೇ. ಲೇಖನದ ಉದ್ದವನ್ನೂ ಅದರೊಳಗಿನ ‘ನಾನು’ವನ್ನೂ ಬರೆಯುವವನು ದುಡಿದು ಸಂಪಾದಿಸಬೇಕು. ಜಾಲತಾಣದಲ್ಲಿ ಜಾಗ ಪುಕ್ಕಟೆ ಸಿಗುತ್ತದೆ, ನಿಜ. ಓದುಗನ ಸಮಯ ಪುಕ್ಕಟೆಯಲ್ಲ.

1960ರ ಸೆಪ್ಟೆಂಬರ್ 28ರಂದು ಬಾಸ್ಟನ್ನಿನ ಫೆನ್‌ವೇ ಪಾರ್ಕಿನಲ್ಲಿ ಬೇಸ್‌ಬಾಲ್ ಆಟಗಾರ ಟೆಡ್ ವಿಲಿಯಮ್ಸ್ ತಮ್ಮ ಕೊನೆಯ ಪಂದ್ಯ ಆಡಿದರು. ಕೊನೆಯ ಸಲ ಬ್ಯಾಟ್ ಹಿಡಿದಾಗ ಹೋಮ್ ರನ್ ಹೊಡೆದರು. ಜನ ಎಷ್ಟು ಕೂಗಿ ಕರೆದರೂ ಹೊರಬಂದು ಟೋಪಿ ಎತ್ತಲಿಲ್ಲ. ಅಲ್ಲಿದ್ದ 10,454 ಪ್ರೇಕ್ಷಕರಲ್ಲಿ ಜಾನ್ ಅಪ್‌ಡೈಕ್ ಒಬ್ಬರು. ಮುಂದಿನ ತಿಂಗಳು ‘ದಿ ನ್ಯೂಯಾರ್ಕರ್’ನಲ್ಲಿ ಬಂದ ಅವರ ಪ್ರಬಂಧವನ್ನು ಇಂದಿಗೂ ಕ್ರೀಡಾ ಬರವಣಿಗೆಯ ಮಾದರಿ ಎನ್ನುತ್ತಾರೆ. ಅದರಲ್ಲಿ ‘ನಾನು’ ಇದೆ. ಆದರೆ ಅದು ಗ್ಯಾಲರಿಯ ಒಂದು ಸೀಟು ಅಷ್ಟೆ; ಅಲ್ಲಿಂದ ಏನು ಕಾಣುತ್ತದೋ ಅದನ್ನು ಹೇಳುತ್ತದೆ. ಆ ದಿನ ಒಬ್ಬ ಹೆಂಗಸನ್ನು ನೋಡಲು ಬಾಸ್ಟನ್ನಿಗೆ ಹೋಗಿದ್ದಾಗಿಯೂ, ಆಕೆ ಮನೆಯಲ್ಲಿ ಇಲ್ಲದ್ದರಿಂದ ಪಂದ್ಯಕ್ಕೆ ಹೋದದ್ದಾಗಿಯೂ ಅಪ್‌ಡೈಕ್ ಎಷ್ಟೋ ವರ್ಷಗಳ ನಂತರ ಹೇಳಿಕೊಂಡರು. ಇಂದಿನ ಲೇಖಕನಾದರೆ ಅಲ್ಲಿಂದಲೇ ಶುರು ಮಾಡುತ್ತಿದ್ದ. ಅಪ್‌ಡೈಕ್ ಅದನ್ನು ಪ್ರಬಂಧದ ಹೊರಗಿಟ್ಟರು, ಏಕೆಂದರೆ ವಿಲಿಯಮ್ಸ್ ಟೋಪಿ ಎತ್ತದಿರುವುದಕ್ಕೂ ಅದಕ್ಕೂ ಸಂಬಂಧವಿರಲಿಲ್ಲ.

1966ರಲ್ಲಿ ‘ಎಸ್ಕ್ವೈರ್’ ಪತ್ರಿಕೆಗಾಗಿ ಗೇ ಟಲೀಸ್ ನಿವೃತ್ತ ಆಟಗಾರ ಜೋ ಡಿಮ್ಯಾಜಿಯೊ ಬಗ್ಗೆ ಬರೆದರು. ಡಿಮ್ಯಾಜಿಯೊಗೆ ಈ ವರದಿಗಾರ ಬಂದದ್ದೇ ಇಷ್ಟವಿರಲಿಲ್ಲ. ಆ ಸಿಟ್ಟೂ ಲೇಖನದಲ್ಲಿದೆ. ಆದರೆ ಟಲೀಸ್ ತಮ್ಮನ್ನು ಹೆಸರಿಲ್ಲದ ಒಬ್ಬ ಅಪರಿಚಿತನನ್ನಾಗಿ ಮಾಡಿ ಪಕ್ಕಕ್ಕೆ ನಿಲ್ಲಿಸಿದರು. ಹಾಗಾಗಿ ಸಿಟ್ಟು ಡಿಮ್ಯಾಜಿಯೊ ಅವರದಾಗಿಯೇ ಉಳಿಯಿತು, ಲೇಖಕರ ಸಾಹಸಕಥೆ ಆಗಲಿಲ್ಲ.

ಇದಕ್ಕೆ ಒಂದು ಗಟ್ಟಿ ಆಕ್ಷೇಪವಿದೆ: ‘ನಾನು’ವನ್ನು ಅಡಗಿಸುವುದು ನಿಷ್ಪಕ್ಷಪಾತದ ನಟನೆಯಲ್ಲವೇ? ನೋಡುವವನು ಯಾರೆಂದು ಹೇಳದೆ ನೋಟವನ್ನು ಮಾತ್ರ ಒಪ್ಪಿಸುವುದು ಪ್ರಾಮಾಣಿಕವೇ? ಪ್ರಶ್ನೆ ನ್ಯಾಯವಾದದ್ದು. ಉತ್ತರ ಸಿ.ಎಲ್.ಆರ್. ಜೇಮ್ಸ್ ಅವರ ‘ಬಿಯಾಂಡ್ ಎ ಬೌಂಡರಿ’ಯಲ್ಲಿದೆ (1963). ಟ್ರಿನಿಡಾಡಿನ ಕ್ರಿಕೆಟ್ ಕ್ಲಬ್ಬುಗಳು ಆಗ ಮೈಬಣ್ಣದ ಪ್ರಕಾರ ಹಂಚಿಹೋಗಿದ್ದವು. ಕಪ್ಪು ಮೈಬಣ್ಣದ ಜೇಮ್ಸ್, ಕಪ್ಪು ಜನರ ಶಾನನ್ ಕ್ಲಬ್ಬನ್ನು ಬಿಟ್ಟು ತಿಳಿಬಣ್ಣದ ಮಧ್ಯಮವರ್ಗದ ಮೇಪಲ್ ಕ್ಲಬ್ಬನ್ನು ಸೇರಿದರು. ಆ ಆಯ್ಕೆ ತಮ್ಮನ್ನು ತಮ್ಮ ಜನರಿಂದ ದೂರ ಮಾಡಿತು, ತಮ್ಮ ರಾಜಕೀಯ ತಿಳಿವು ತಡವಾಗುವಂತೆ ಮಾಡಿತು ಎಂದು ಅವರೇ ಬರೆಯುತ್ತಾರೆ. ಇಲ್ಲಿ ‘ನಾನು’ ಸಾಕ್ಷ್ಯ. ಅದನ್ನು ತೆಗೆದರೆ ಕ್ರಿಕೆಟ್ಟಿಗೂ ವಸಾಹತು ಸಮಾಜಕ್ಕೂ ಇರುವ ನಂಟಿನ ವಾದವೇ ಬಡವಾಗುತ್ತದೆ.

ಆದ್ದರಿಂದ ನನ್ನ ಪರೀಕ್ಷೆ ಸರಳ. ಲೇಖಕ ತನ್ನ ಬಗ್ಗೆ ಹೇಳಿಕೊಂಡ ವಾಕ್ಯಗಳನ್ನೆಲ್ಲ ಅಳಿಸಿ ಓದಿ. ಲೇಖನಕ್ಕೆ ಏನೂ ನಷ್ಟವಾಗದಿದ್ದರೆ ಅವು ಬೇಕಿರಲಿಲ್ಲ. ಕನ್ನಡದಲ್ಲಿ ಬರೆಯುವವರು ಇಲ್ಲಿ ಇನ್ನಷ್ಟು ಎಚ್ಚರವಾಗಿರಬೇಕು. ನಮ್ಮ ಕ್ರಿಯಾಪದದಲ್ಲೇ ಕರ್ತೃ ಕೂತಿರುತ್ತಾನೆ: ‘ಹೋದೆ’, ‘ಕಂಡೆ’ ಎಂದರೆ ಸಾಕು, ‘ನಾನು’ ಬಂದಾಯಿತು. ಪದವನ್ನು ಕತ್ತರಿಸಿದರೆ ಅಹಂ ಕತ್ತರಿಸಿದಂತಾಗುವುದಿಲ್ಲ.

ಉದ್ದದ ಮಾತಿಗೂ ಇದೇ ನ್ಯಾಯ. 2012ರ ಫೆಬ್ರವರಿಯಲ್ಲಿ ಅಮೆರಿಕದ ವಾಷಿಂಗ್ಟನ್ ರಾಜ್ಯದ ಟನಲ್ ಕ್ರೀಕ್‌ನಲ್ಲಿ ಹಿಮ ಕುಸಿದು ಮೂವರು ಸ್ಕೀಯರ್‌ಗಳು ಸತ್ತರು. ಆ ವರ್ಷದ ಡಿಸೆಂಬರಿನಲ್ಲಿ ‘ನ್ಯೂಯಾರ್ಕ್ ಟೈಮ್ಸ್’ನ ಜಾನ್ ಬ್ರಾಂಚ್ ಅದನ್ನು ಆರು ಭಾಗಗಳಲ್ಲಿ ‘ಸ್ನೋ ಫಾಲ್’ ಎಂದು ಬರೆದರು. ಮರುವರ್ಷ ಅದಕ್ಕೆ ಪುಲಿಟ್ಜರ್ ಬಂತು. ಅದು ಉದ್ದವಾದದ್ದು ವಾಕ್ಯಗಳ ಮೋಹದಿಂದಲ್ಲ. ಬದುಕುಳಿದವರು ಕಂಡದ್ದನ್ನು ಒಬ್ಬೊಬ್ಬರಿಂದ ಕೇಳಿ, ಗುಡ್ಡವನ್ನೂ ಹಿಮದ ಪದರಗಳನ್ನೂ ಅರ್ಥ ಮಾಡಿಕೊಂಡು ಜೋಡಿಸಿದ್ದರಿಂದ. ಅಷ್ಟು ಪುಟಗಳಲ್ಲಿ ಬ್ರಾಂಚ್ ಮುಂದೆ ಬಂದು ನಿಲ್ಲುವುದಿಲ್ಲ. ಆಮೇಲೆ ಎಷ್ಟೋ ಪತ್ರಿಕೆಗಳು ನಕಲು ಮಾಡಿದ್ದು ಅದರ ದೊಡ್ಡ ಚಿತ್ರಗಳನ್ನು, ಚಲಿಸುವ ಪುಟವಿನ್ಯಾಸವನ್ನು. ತಿಂಗಳುಗಟ್ಟಲೆ ಓಡಾಟವನ್ನು ನಕಲು ಮಾಡುವುದು ದುಬಾರಿ.

ಸಮಸ್ಯೆಯ ಬೇರು ಇಲ್ಲಿದೆ ಎಂದು ನನ್ನ ಅನುಮಾನ. ಆಟಗಾರನ ಮನೆಗೆ ಹೋಗಲು, ಕೋಚ್‌ನನ್ನೂ ಎದುರಾಳಿಯನ್ನೂ ಹುಡುಕಿ ಮಾತನಾಡಿಸಲು ದುಡ್ಡು ಬೇಕು, ದಿನಗಳು ಬೇಕು. ಲೇಖಕನ ನೆನಪಿಗೆ ಏನೂ ಖರ್ಚಿಲ್ಲ. ಸಂಪಾದಕರು ಎರಡನೆಯದನ್ನೇ ಮೊದಲನೆಯದರ ಬೆಲೆಗೆ ಮಾರುತ್ತಿದ್ದಾರೆ. ಇದರಲ್ಲಿ ಸೋಲುವವರು ಹೆಸರಾಗದ ಆಟಗಾರರು. ಅವರ ಕಥೆ ಯಾರಾದರೂ ಹೋಗಿ ಕೇಳಿದರೆ ಮಾತ್ರ ಹೊರಬರುತ್ತದೆ.

ಕ್ರೀಡೆಯ ಬಗ್ಗೆ ಬರೆಯಬೇಕೆಂದಿರುವ ವಿದ್ಯಾರ್ಥಿಗಳಿಗೆ ನನ್ನದು ಒಂದೇ ಮಾತು. ಎಷ್ಟು ಪದ ಬರೆಯಲಿ ಎಂದು ಕೇಳುವ ಮೊದಲು ಎಷ್ಟು ಜನರನ್ನು ಮಾತನಾಡಿಸಿದೆ ಎಂದು ಲೆಕ್ಕ ಹಾಕಿ. ಆ ಲೆಕ್ಕ ಒಬ್ಬರಿಗೇ ನಿಂತರೆ, ಆ ಒಬ್ಬರು ನೀವೇ ಆಗಿದ್ದರೆ, ಲೇಖನ ಇನ್ನೂ ಶುರುವಾಗಿಲ್ಲ.